ರಸೀದಿ, ಚಲನ್, ಖರೀದಿ ಬಿಲ್: ಆಡಿಟ್‌ಗೆ ಮುಂಚೆ ಏನು ತಾಳೆ ನೋಡಬೇಕು?

ಪ್ರಶ್ನೆ: ತಾಲ್ಲೂಕು ಮಟ್ಟದ ಕಚೇರಿ. ಶುಲ್ಕ ವಸೂಲಿಯೂ ಇದೆ, ಸಣ್ಣಪುಟ್ಟ ಖರೀದಿಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ರಸೀದಿ ಪುಸ್ತಕಗಳ ದಾಸ್ತಾನು ವಹಿಯಿಂದ. ಬಳಸದ ಪುಸ್ತಕಗಳನ್ನು ಕ್ರಮಸಂಖ್ಯೆ ಪ್ರಕಾರ ಎಣಿಸಿ. ಆಮೇಲೆ ಪ್ರತಿ ಕೌಂಟರ್‌ಫಾಯಿಲ್ (ಕಚೇರಿಯಲ್ಲಿ ಉಳಿಯೋ ರಸೀದಿ ಪ್ರತಿ) ಮೊತ್ತ ಅದೇ ದಿನದ ನಗದು ಪುಸ್ತಕದಲ್ಲಿದೆಯಾ, ಚಲನ್ ಖಜಾನೆ-2ರ (ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ) ಜಮಾ ಪಟ್ಟಿಯಲ್ಲಿದೆಯಾ ನೋಡಿ. ಚಲನ್ ಮೇಲೆ ಬ್ಯಾಂಕ್ ಸೀಲ್ ಇದ್ದರೆ ಸಾಲದು. ನಕಲಿ ಸೀಲ್ ಬಯಲಾಗೋದೇ ಈ ತಾಳೆಯಲ್ಲಿ. ದಯವಿಟ್ಟು ಹಣ ವಸೂಲಿ ಮಾಡೋರ ಕೈಗೇ ತಾಳೆ ಕೆಲಸ ಕೊಡಬೇಡಿ.

ಉತ್ತರ 2: ಖರೀದಿಯಲ್ಲಿ, ಒಂದೇ ಸಾಮಗ್ರಿಗೆ ಮಿತಿಗಿಂತ ತುಸು ಕಡಿಮೆಯ ಬಿಲ್‌ಗಳು ಸಾಲಾಗಿ ಬಂದಿದ್ದರೆ, ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರೋ ಕರ್ನಾಟಕದ ಕಾಯ್ದೆ, 1999) ಪ್ರಕಾರ ಟೆಂಡರ್ ಕರೆಯೋದನ್ನು ತಪ್ಪಿಸಲು ಖರೀದಿಯನ್ನು ತುಂಡು ಮಾಡಿದ್ದಾರಾ ಪರಿಶೀಲಿಸಿ.

ಉತ್ತರ 3: ಮಾರ್ಚ್ ಬಿಲ್‌ಗಳನ್ನು ಬಿಡಬೇಡಿ. ಆರ್ಥಿಕ ವರ್ಷ ಮುಗಿದರೆ ಅನುದಾನ ಲ್ಯಾಪ್ಸ್ ಆಗುತ್ತೆ ಅಂತ ಸಾಮಾನು ಬರೋ ಮೊದಲೇ ದಾಸ್ತಾನಿಗೆ ಜಮಾ ಬರೆದಿರ್ತಾರೆ. ಡೆಲಿವರಿ ದಿನಾಂಕ ನೋಡಿ.