ಸ್ಟೀರಿಂಗ್ ಎರಡೂ ಕಡೆ ಟೈಟ್, ಫುಲ್ ಲಾಕ್‌ನಲ್ಲಿ ಗುಂಯ್ ಶಬ್ದ: ರ್ಯಾಕ್ ಬದಲಿಸಲೇಬೇಕಾ?

ಪ್ರಶ್ನೆ (ಕೋಲಾರ):
2011ರ ಡೀಸೆಲ್ ಗಾಡಿ, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಕ್ರೇಟ್‌ಗಳ ಮಧ್ಯೆ ರಿವರ್ಸ್ ತಗೊಳ್ಳುವಾಗ ತಿರುಗಿಸೋಕೇ ಆಗಲ್ಲ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಕೊನೆವರೆಗೆ ತಿರುಗಿಸಿದರೆ ಗುಂಯ್ ಅನ್ನುತ್ತೆ. ನೆಲದ ಮೇಲೆ ಆಯಿಲ್ ಬಿದ್ದಿಲ್ಲ. ಗ್ಯಾರೇಜಿನಲ್ಲಿ ರ್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ದಂಡದ ಸೆಟ್) ಪೂರ್ತಿ ಹಾಕಿಸಿ ಅಂತಿದ್ದಾರೆ. ಹಾಕಿಸಲಾ ಅಣ್ಣ?

ಉತ್ತರ:
ಈಗಲೇ ಬೇಡ. ಎರಡೂ ಕಡೆ ಟೈಟ್ ಆಗಿ ಪಂಪೂ ಗುಂಯ್ ಅಂದರೆ ಮೊದಲ ಅನುಮಾನ ಸ್ಟೀರಿಂಗ್ ಪಂಪ್‌ಗೆ ಹೋಗುವ ಆಯಿಲ್ ಮೇಲೆ. ಟೈರ್ ಗಾಳಿ ಸರಿ ಇದೆಯಾ ನೋಡಿ, ಆಮೇಲೆ ಎಂಜಿನ್ ಐಡಲ್‌ನಲ್ಲಿರುವಾಗ ಸ್ಟೀರಿಂಗ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಆಗ ತಾನೇ ಕರೆದ ಹಾಲಿನ ಹಾಗೆ ನೊರೆ ಕಂಡರೆ ಗಾಳಿ ಸೇರಿದೆ.

ಡಬ್ಬಿಯಿಂದ ಪಂಪ್‌ಗೆ ಬರುವ ದಪ್ಪ ರಬ್ಬರ್ ಪೈಪ್ ಹೆಚ್ಚಿನವರ ಕಣ್ಣು ತಪ್ಪಿಸುತ್ತೆ. ಅದರಲ್ಲಿ ಒತ್ತಡ ಇರಲ್ಲ, ಪಂಪ್ ಎಳೆದುಕೊಳ್ಳುತ್ತೆ ಅಷ್ಟೆ. ಹಾಗಾಗಿ ಕ್ಲಿಪ್ ಸಡಿಲವಾದರೂ ಆಯಿಲ್ ಹೊರಗೆ ಬರದೆ ಗಾಳಿ ಒಳಗೆ ಹೋಗಬಹುದು. ಪೈಪ್ ಒತ್ತಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಪೈಪು, ಎರಡೂ ಕ್ಲಿಪ್ಪು ಹೊಸದು ಹಾಕಿ. ಡಬ್ಬಿಯ ತಳದಲ್ಲಿ ಜಾಲರಿ ಇದ್ದು ಅದು ಕಟ್ಟಿದ್ದರೂ ಇದೇ ಲಕ್ಷಣ. ಗುಂಯ್ ಬದಲು ಕಿರ್ರ್ ಅಂದರೆ ಪಂಪ್ ತಿರುಗಿಸುವ ಬೆಲ್ಟ್ ಜಾರುತ್ತಿದೆ.

ಗಾಳಿ ತೆಗೆಯುವುದು: ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಬೇಡಿ. ಎಂಜಿನ್ ಆಫ್ ಇಟ್ಟು, ಸ್ಟೀರಿಂಗಿನ ಕೀ ಲಾಕ್ ಬಿಡುವಷ್ಟು ಕೀ ತಿರುಗಿಸಿ, ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ 15-20 ಸಲ ತಿರುಗಿಸಿ. ಮಟ್ಟ ಇಳಿದ ಹಾಗೆಲ್ಲ ಆಯಿಲ್ ಸೇರಿಸಿ. 10 ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ಇನ್ನೊಮ್ಮೆ. ಫುಲ್ ಲಾಕ್‌ನಲ್ಲಿ 5 ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ. ಅಲ್ಲಿ ಹೆಚ್ಚಿನ ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆದು ಆಯಿಲ್ ಬೇಗ ಕಾಯುತ್ತೆ, ಪಂಪ್ ಸವೆಯುತ್ತೆ. ಆಯಿಲ್ ಮುಚ್ಚಳದ ಮೇಲೆ ಬರೆದಿರುವುದೇ ಹಾಕಿ. ಕೆಂಪಿಗೆ ಹಸಿರು ಬೆರೆಸಿದರೆ ಸೀಲ್‌ಗಳಿಗೇ ಅಪಾಯ.

ರ್ಯಾಕ್ ಪರೀಕ್ಷೆಯೂ ಸುಲಭ. ಎರಡು ಬದಿಯ ರಬ್ಬರ್ ಬೂಟಿನ ಒಳಗಡೆ ಕ್ಲಿಪ್ ಸಡಿಲಿಸಿ. ಆಯಿಲ್ ಸುರಿದರೆ ರ್ಯಾಕ್ ಸೀಲ್ ಹೋಗಿದೆ, ಗ್ಯಾರೇಜಿನವರು ಹೇಳಿದ್ದು ಸರಿ. ಒಣಗಿದ್ದರೆ ರ್ಯಾಕ್ ಖರ್ಚು ಸದ್ಯಕ್ಕೆ ಬೇಡ.

ಇನ್ನೊಬ್ಬರು (ಶಿಡ್ಲಘಟ್ಟ):
ನನ್ನದು ಎಲೆಕ್ಟ್ರಿಕ್ ಸ್ಟೀರಿಂಗ್. ಇದೇ ರೀತಿ ಟೈಟ್ ಆಗಿ ಡ್ಯಾಶ್‌ನಲ್ಲಿ ದೀಪ ಬರುತ್ತೆ. ಇದಕ್ಕೂ ಗಾಳಿ ತೆಗೀಬೇಕಾ?

ಉತ್ತರ:
ಇಲ್ಲ ಸಾರ್, ಅದರಲ್ಲಿ ಆಯಿಲ್ಲೇ ಇರಲ್ಲ. ಕೈ ಹಾಕುವ ಬಲವನ್ನು ಟಾರ್ಕ್ ಸೆನ್ಸರ್ ಅಳೆಯುತ್ತೆ, ಮೋಟರ್ ಅಷ್ಟಕ್ಕೆ ಸಹಾಯ ಕೊಡುತ್ತೆ. ಮೊದಲು ಮಲ್ಟಿಮೀಟರ್ ಹಿಡಿಯಿರಿ: ಎಂಜಿನ್ ಆಫ್ ಇದ್ದಾಗ 12.4 ವೋಲ್ಟ್‌ಗಿಂತ ಕಡಿಮೆ ಬಂದರೆ ಬ್ಯಾಟರಿ ಚಾರ್ಜ್ ಮಾಡಿಸಿ, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ನಂತರ ಅರ್ತ್ ವೈರ್ ಮತ್ತು ಸ್ಟೀರಿಂಗಿನ ದೊಡ್ಡ ಫ್ಯೂಸ್. ಇವೆಲ್ಲ ಸರಿ ಇದ್ದರೆ ಸ್ಕ್ಯಾನರ್ ಹಾಕಿ ಕೋಡ್ ಓದಿಸಿ, ಊಹೆಯ ಮೇಲೆ ಮೋಟರ್ ಬದಲಿಸಬೇಡಿ.

ಕೇಳಿದವರು (ಕೋಲಾರ):
ನೊರೆ ಇತ್ತು. ಬೂಟ್‌ಗಳು ಒಣಗಿದ್ದವು. ಪೈಪು, ಕ್ಲಿಪ್ಪು ಬದಲಿಸಿ ಗಾಳಿ ತೆಗೆದ ಮೇಲೆ ಶಬ್ದ ನಿಂತಿದೆ, ಹಗುರಾಗಿದೆ. ಆದರೆ ಒಂದು ಸುತ್ತಿಗೆ ಎರಡು ಕಡೆ ಸ್ವಲ್ಪ ತಡೆದ ಹಾಗೆ ಆಗುತ್ತೆ.

ಉತ್ತರ:
ಅದು ಆಯಿಲ್ ವಿಷಯ ಅಲ್ಲ. ಸ್ಟೀರಿಂಗ್ ಕಾಲಂ ಕೆಳಗೆ ರ್ಯಾಕ್‌ಗೆ ಹೋಗುವ ಶಾಫ್ಟ್‌ನ ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಓರೆಯಲ್ಲೂ ತಿರುಗುವ ಕೀಲು) ತುಕ್ಕು ಹಿಡಿದು ಗಟ್ಟಿಯಾಗಿರಬೇಕು. ಚಕ್ರ ಎತ್ತಿ, ಎಂಜಿನ್ ಆಫ್ ಮಾಡಿ ತಿರುಗಿಸಿ ನೋಡಿ. ಅದೇ ಎರಡು ಜಾಗದಲ್ಲಿ ತಡೆದರೆ ಆ ಶಾಫ್ಟ್ ಬದಲಿಸಿ. ಬಿಚ್ಚುವ ಮೊದಲು ಪೇಂಟ್‌ನಲ್ಲಿ ಗುರುತು ಹಾಕಿ. ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ನೇರ ಹೋಗುವಾಗ ಸ್ಟೀರಿಂಗ್ ವಾಲಿಕೊಂಡಿರುತ್ತೆ.