ಡಯಾಲಿಸಿಸ್ ಚೀಲದಲ್ಲಿ ಪ್ರೋಟೀನ್ ಮೊಸರಾಗಿದೆ, ಇದು ಮೂರನೇ ಸಲ!

ಅರ್ಧರಾತ್ರಿ_ಜೆಲ್:
ಸಾಕಾಗಿ ಹೋಗಿದೆ. ಶುದ್ಧಿ ಮಾಡುವ ನಿಕಲ್ ಕಾಲಂನಿಂದ ಪ್ರೋಟೀನ್ ಚೆನ್ನಾಗಿಯೇ ಇಳಿಯುತ್ತೆ, ಜೆಲ್‌ನಲ್ಲಿ ಒಂದೇ ಬ್ಯಾಂಡ್, ಅಂದರೆ ಶುದ್ಧ. ಉಪ್ಪು ಇಳಿಸಲು ಚೀಲಕ್ಕೆ ತುಂಬಿ ರಾತ್ರಿ ಕೋಲ್ಡ್ ರೂಮಿನಲ್ಲಿ ಡಯಾಲಿಸಿಸ್‌ಗೆ ಇಟ್ಟು ಹೋಗುತ್ತೇನೆ. ಬೆಳಿಗ್ಗೆ ಚೀಲದ ತುಂಬ ಬಿಳಿ. ಅಲ್ಲಾಡಿಸಿದರೆ ಒಡೆದ ಹಾಲಿನ ಹಾಗೆ ಚೂರು ಚೂರು. ಬಫರ್ (ಪಿಎಚ್ ಕಾಯುವ ದ್ರಾವಣ) ಮಾಮೂಲಿ ಟ್ರಿಸ್. ಏನಾದರೂ ಹೇಳಿ.

ಗ್ಲಿಸರಾಲ್_ಅಣ್ಣ:
10% ಗ್ಲಿಸರಾಲ್ ಹಾಕಿ. ನಮ್ಮಲ್ಲಿ ಎಲ್ಲಕ್ಕೂ ಅದೇ.

ಚಾರ್ಜ್_ಲೆಕ್ಕ:
ಮಾಮೂಲಿ ಅಂದರೆ ಪಿಎಚ್ ಎಷ್ಟು? ಉಪ್ಪು ಎಷ್ಟು? ಪ್ರೋಟೀನಿನ ಪಿಐ, ಅಂದರೆ ಅದರ ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್? ಇದಿಲ್ಲದೆ ಕವಡೆ ಶಾಸ್ತ್ರ ಹೇಳಬೇಕಾಗುತ್ತೆ.

ಅರ್ಧರಾತ್ರಿ_ಜೆಲ್:
ಪಿಎಚ್ 8, ಎಲ್ಲರೂ ಬಳಸುವುದು ಅದೇ ಅಲ್ವಾ? 20 ಮಿಲಿಮೋಲಾರ್ ಟ್ರಿಸ್, ಉಪ್ಪು 50. ಕಾಲಂನಲ್ಲಿ ಉಪ್ಪು 500 ಇತ್ತು. ಗ್ಲಿಸರಾಲ್ ಆಗಲೇ ಹಾಕಿ ನೋಡಿದ್ದೇನೆ, ಅದೇ ಕಥೆ. ಲೆಕ್ಕ ಹಾಕುವ ಟೂಲ್ ಪ್ರಾಟ್‌ಪ್ಯಾರಮ್ ಪಿಐ 8.5 ಅನ್ನುತ್ತೆ. ಅದು ಮುಖ್ಯವಾ?

ಗ್ಲಿಸರಾಲ್_ಅಣ್ಣ:
ಹಾಗಾದರೆ 20% ಹಾಕಿ.

ಚಾರ್ಜ್_ಲೆಕ್ಕ:
ಅದೇ ಮುಖ್ಯ! ಪಿಎಚ್ ಏರಿದ ಹಾಗೆ ಪ್ರೋಟೀನ್ ಪ್ರೋಟಾನ್ ಬಿಡುತ್ತಾ ಹೋಗುತ್ತೆ. ಅದರ ಅಮೈನೋ ಆಮ್ಲಗಳಲ್ಲಿ ಆಸ್ಪಾರ್ಟಿಕ್, ಗ್ಲುಟಾಮಿಕ್ ಬಿಡುವುದು 4ರ ಆಸುಪಾಸು, ಹಿಸ್ಟಿಡಿನ್ 6ರ ಹತ್ತಿರ, ಲೈಸಿನ್ 10 ದಾಟಿದ ಮೇಲೆ. ನಿಮ್ಮದರಲ್ಲಿ 8.5ಕ್ಕೆ ಪ್ಲಸ್ಸೂ ಮೈನಸ್ಸೂ ಸರಿಸಮ. ಒಂದನ್ನೊಂದು ದೂರ ತಳ್ಳಲು ಏನೂ ಉಳಿದಿಲ್ಲ, ಅಂಟಿಕೊಳ್ಳುತ್ತವೆ. ಹಾಲಿನ ಕೇಸಿನ್ 4.6ರ ಹತ್ತಿರ ಬಂದಾಗ ಮೊಸರು ಕಟ್ಟುವುದೂ ಹೀಗೇ.
ಪಿಎಚ್ ಸರಿ ಮಾಡಿದ್ದು ಬೆಂಚಿನ ಮೇಲೆ ತಾನೆ? ಟ್ರಿಸ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು 0.03 ಏರುತ್ತೆ. 25 ಡಿಗ್ರಿಯಲ್ಲಿ 8 ಇದ್ದದ್ದು 4 ಡಿಗ್ರಿಯಲ್ಲಿ 8.6, ಅಂದರೆ ನಿಮ್ಮ ಪಿಐ ಪಕ್ಕದಲ್ಲೇ.

ಅರ್ಧರಾತ್ರಿ_ಜೆಲ್:
ನಿಕಲ್‌ಗೆ ಅಂಟಲಿ ಅಂತ ಸೇರಿಸಿದ ಆರು ಹಿಸ್ಟಿಡಿನ್ ಟ್ಯಾಗ್ ಇದೆಯಲ್ಲ, ಅದರಿಂದ ಪ್ಲಸ್ ಸಿಗಲ್ವಾ?

ಚಾರ್ಜ್_ಲೆಕ್ಕ:
8ರಲ್ಲಿ ನೂರು ಹಿಸ್ಟಿಡಿನ್‌ಗೆ ಒಂದರ ಮೇಲೆ ಪ್ರೋಟಾನ್ ಇದ್ದರೆ ಹೆಚ್ಚು.

ಮಡಿಕೆ_ಮಾಸ್ತರು:
ಇದು ಅರ್ಧ ಸತ್ಯ. ಲೈಸಿನ್ ಕೂಡ ಟ್ರಿಸ್ ಹಾಗೇ ಅಮೈನೇ. ತಣ್ಣಗಾದರೆ ಅದರ ಪಿಕೆಎಯೂ (ಅರ್ಧದಷ್ಟು ಪ್ರೋಟಾನ್ ಬಿಟ್ಟಿರುವ ಪಿಎಚ್) ಟ್ರಿಸ್ ಹಾಗೇ ಮೇಲೆ ಹೋಗುತ್ತೆ, ಜೊತೆಗೆ ಪಿಐಯೂ. ಇನ್ನು ಪ್ರಾಟ್‌ಪ್ಯಾರಮ್ ಓದುವುದು ಬರೀ ಅಮೈನೋ ಆಮ್ಲದ ಸರಣಿಯನ್ನು, ಅದು ಮಡಿಚಿಕೊಂಡ ಆಕಾರವನ್ನಲ್ಲ. ಲೈಸೋಝೈಮ್ ಅನ್ನುವ ಪ್ರೋಟೀನಿನ 35ನೇ ಗ್ಲುಟಾಮಿಕ್ ಒಳಗೆ ಹುದುಗಿದೆ, ಅದರ ಪಿಕೆಎ 6ರ ಮೇಲಿದೆ. ನನಗೆ ಉಪ್ಪು ಇಳಿಸಿದ್ದರ ಮೇಲೇ ಅನುಮಾನ.

ಆಕ್ಟಾ_ಪ್ರೇಮಿ:
ನಾವು ಡಯಾಲಿಸಿಸ್ ಬಿಟ್ಟು ವರ್ಷಗಳಾದವು. ಪ್ರೋಟೀನ್ ಶುದ್ಧಿ ಮಾಡುವ ಯಂತ್ರ ಆಕ್ಟಾಗೆ ಡೀಸಾಲ್ಟಿಂಗ್ (ಉಪ್ಪು ತೆಗೆಯುವ) ಕಾಲಂ ಹಾಕಿದರೆ ಹತ್ತೇ ನಿಮಿಷ. ಈಗ ಎರಡನೆಯ ಆಕ್ಟಾ ಬಂದಿದೆ, ಅದು ಕೋಲ್ಡ್ ಕ್ಯಾಬಿನೆಟ್ ಒಳಗೇ.

ಮಡಿಕೆ_ಮಾಸ್ತರು:
ಸಂತೋಷ ಸ್ವಾಮಿ. ಅವರು ಕೇಳಿದ್ದು ಬೇರೆ.

ಚಾರ್ಜ್_ಲೆಕ್ಕ:
ಸುಮ್ನೆ ವಾದ ಯಾಕೆ? ಆ ಬಿಳಿ ಗಂಜಿಯನ್ನು 100 ಮೈಕ್ರೋಲೀಟರಿನಂತೆ ಮೂರು ಟ್ಯೂಬಿಗೆ ಹಂಚಿ. ಒಂದಕ್ಕೆ ಉಪ್ಪು ಮಾತ್ರ. ಒಂದಕ್ಕೆ 1 ಮೋಲಾರ್ ಹೆಪಿಸ್ ಬಫರ್, ಪಿಎಚ್ 7, ಹತ್ತು ಮೈಕ್ರೋಲೀಟರ್. ಒಂದಕ್ಕೆ ಅದೇ ಟ್ರಿಸ್.

ಅರ್ಧರಾತ್ರಿ_ಜೆಲ್:
ಮಾಡಿದೆ! ಹೆಪಿಸ್ ಟ್ಯೂಬ್ ಐದು ನಿಮಿಷದಲ್ಲಿ ತಿಳಿನೀರು. ಉಪ್ಪಿನದು ಅರ್ಧಂಬರ್ಧ, ಬೆಳಕಿಗೆ ಹಿಡಿದರೆ ಇನ್ನೂ ಮಬ್ಬು. ಟ್ರಿಸ್ ಹಾಗೇ ಬಿಳಿ. ಕೋಲ್ಡ್ ರೂಮಿನಲ್ಲೇ ಬಫರ್ ಅಳೆದೆ, 8.6. ಇವತ್ತು ರಾತ್ರಿ ಹೆಪಿಸ್ 7, ಉಪ್ಪು 300.
ಆದರೆ ನಮ್ಮ ಅಸ್ಸೇ (ಪ್ರೋಟೀನಿನ ಪರೀಕ್ಷೆ) ಪಿಎಚ್ 8.5ರಲ್ಲೇ ಆಗಬೇಕು.

ಚಾರ್ಜ್_ಲೆಕ್ಕ:
ಇದನ್ನು ಮೊದಲೇ ಹೇಳಬಾರದಾ? ಸ್ಟಾಕ್ 7ರಲ್ಲೇ ಗಟ್ಟಿಯಾಗಿ ಇಡಿ. ಅಸ್ಸೇಗೆ ಎಷ್ಟು ಪಟ್ಟು ತೆಳು ಮಾಡುತ್ತೀರಿ?