ಅಪ್‌ಡೇಟ್: ಗ್ಯಾಸ್ ತುಂಬುವವರ ಸರ್ಟಿಫಿಕೇಟ್ ಕೇಳಿಯೇಬಿಟ್ಟೆ
ಕೋಲ್ಡ್ ರೂಮಿಗೆ ಗ್ಯಾಸ್ ತುಂಬುವವರ ಬಳಿ ಸರ್ಟಿಫಿಕೇಟ್ ಕೇಳಬೇಕಾ ಅಂತ ಕೇಳಿದ್ದೆನಲ್ಲ, ಕೇಳಿದೆ. ಕಂಪನಿ ಲೈಸೆನ್ಸ್ ತಟ್ಟನೆ ತೋರಿಸಿದರು. ಬಂದ ಹುಡುಗನ ಹೆಸರಲ್ಲಿ ಮಾತ್ರ ಯಾವ ಸರ್ಟಿಫಿಕೇಟೂ ಇರಲಿಲ್ಲ. ವಾಪಸ್ ಕಳಿಸಿದೆ, ಸ್ವಲ್ಪ ಮುಜುಗರವೇ ಆಯ್ತು.

ಮರುದಿನ ಬಂದವರು ತಮ್ಮ ಹೆಸರಿನ ಸರ್ಟಿಫಿಕೇಟ್ ಕಾರ್ಡನ್ನು ತಾವೇ ತೋರಿಸಿದರು. ಹಳೇ ಆರ್-404ಎ ಗ್ಯಾಸನ್ನು (ಕೋಲ್ಡ್ ರೂಮ್ ತಂಪಾಗಿಸುವ ಗ್ಯಾಸ್) ಗಾಳಿಗೆ ಬಿಡದೆ ರಿಕವರಿ ಮೆಷಿನ್‌ನಿಂದ ಸಿಲಿಂಡರಿಗೆ ಎಳೆದರು, ತೂಕದ ಯಂತ್ರದ ಮೇಲಿಟ್ಟು, ಸಿಲಿಂಡರ್ ಶೇ 80ಕ್ಕಿಂತ ಹೆಚ್ಚು ತುಂಬದಂತೆ. ಆ ಗ್ಯಾಸ್ ಒಂದು ಕಿಲೋ ಸೋರಿದರೆ, ಭೂಮಿ ಬಿಸಿಯಾಗಿಸುವುದರಲ್ಲಿ ಸುಮಾರು 3,900 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮವಂತೆ! ಆಮೇಲೆ ಪೈಪಿಗೆ ನೈಟ್ರೋಜನ್ ತುಂಬಿ ಸೋಪುನೀರು ಹಚ್ಚಿದರೆ, ಒಂದು ಫ್ಲೇರ್ ನಟ್ (ಪೈಪ್ ಜೋಡಿಸುವ ನಟ್) ಬುಡದಲ್ಲಿ ನೊರೆ, ಅಂದರೆ ಸೋರಿಕೆ ಅಲ್ಲೇ. ಹಿಂದಿನವರು ಸೋರಿಕೆ ಹುಡುಕದೆ ಎರಡು ಸಲ ಬರೀ ಗ್ಯಾಸ್ ತುಂಬಿ ಹೋಗಿದ್ದರು. ಈಗ ತೆಗೆದದ್ದೆಷ್ಟು, ತುಂಬಿದ್ದೆಷ್ಟು ಎಲ್ಲ ಲಾಗ್‌ಬುಕ್ಕಲ್ಲಿದೆ, ಸಹಿ ಸಮೇತ.